ಹೊತ್ತು ತಪ್ಪಿದ ನಿದ್ದೆ, ಹದ ತಪ್ಪುವ ಮನಸ್ಸು

ಎಲ್ಲರಿಗೂ ನಮಸ್ಕಾರ.

ನಿದ್ದೆ ಸರಿಯಾಗಿ ಆಗ್ತಿದೆಯಾ ಅಂತ ಯಾರನ್ನಾದರೂ ಕೇಳಿ ನೋಡಿ. 'ಆರು ಗಂಟೆ ಮಲಗ್ತೀನಿ', 'ಏಳು ಗಂಟೆ ಆಗುತ್ತೆ' ಅಂತ ಲೆಕ್ಕ ಹೇಳುತ್ತಾರೆ. ಕೈಗೆ ಕಟ್ಟಿಕೊಂಡ ವಾಚು ಕೂಡ ಮೊದಲು ಅದನ್ನೇ ತೋರಿಸುತ್ತದೆ. ಆದರೆ ಆ ಏಳು ಗಂಟೆ ರಾತ್ರಿ ಹತ್ತೂವರೆಯಿಂದ ಬೆಳಿಗ್ಗೆ ಐದೂವರೆವರೆಗಿನದಾ, ಇಲ್ಲ ನಡುರಾತ್ರಿ ಮೂರರಿಂದ ಬೆಳಿಗ್ಗೆ ಹತ್ತರವರೆಗಿನದಾ? ಈ ವಾರ ಒಂದು ಹೊತ್ತು, ಮುಂದಿನ ವಾರ ಇನ್ನೊಂದು ಹೊತ್ತಾ? ಇದನ್ನು ವಿಚಾರಿಸುವವರು ಕಡಿಮೆ. ಮನಸ್ಸಿನ ಆರೋಗ್ಯದ ಮಟ್ಟಿಗೆ ಈ ಎರಡನೇ ಪ್ರಶ್ನೆಗೂ ಮೊದಲನೆಯದರಷ್ಟೇ ತೂಕ ಇದೆ. ಇವತ್ತು ನಾನು ಮಾತಾಡುವುದು ಅದರ ಬಗ್ಗೆ.

ಸುಮ್ನೆ ಸಿಡುಕುವುದು, ಸಣ್ಣ ಮಾತಿಗೆ ಕಣ್ಣು ತುಂಬಿಕೊಳ್ಳುವುದು, ಇಷ್ಟದ ಕೆಲಸವೂ ಬೇಡ ಅನಿಸುವುದು. ಇವನ್ನೆಲ್ಲ ನಾವು ಸ್ವಭಾವದ ತಲೆಗೆ ಕಟ್ಟಿಬಿಡುತ್ತೇವೆ. 'ಅವನು ಸೋಮಾರಿ', 'ಅವಳ ಮುಖ ಯಾವಾಗ್ಲೂ ಗಂಟು ಹಾಕಿಕೊಂಡೇ ಇರುತ್ತೆ' ಅಂತ ತೀರ್ಪು ಕೊಟ್ಟು ಮುಗಿಸುತ್ತೇವೆ. ಎಷ್ಟೋ ಸಲ ಅಲ್ಲಿ ನಡೆಯುತ್ತಿರುವುದೇ ಬೇರೆ. ಅವರ ದೇಹದ ಒಳಗೆ ಇನ್ನೂ ರಾತ್ರಿ. ಹೊರಗೆ ಕೆಲಸದ ಹೊತ್ತು ಶುರುವಾಗಿದೆ.

ದೇಹದ ಗಡಿಯಾರ ಅನ್ನುವುದು ಬರೀ ಮಾತಿಗೆ ಹೇಳುವ ಮಾತಲ್ಲ. 1962ರಲ್ಲಿ ಮಿಶೆಲ್ ಸಿಫ್ರ್ ಎಂಬ 23 ವರ್ಷದ ಫ್ರೆಂಚ್ ಭೂವಿಜ್ಞಾನಿ ಆಲ್ಪ್ಸ್ ಬೆಟ್ಟಗಳಲ್ಲಿನ ಒಂದು ಗುಹೆಗೆ ಇಳಿದರು. ಒಳಗೆ ಹಿಮ, ತೇವ, ಕತ್ತಲು. ವಾಚು ಇಲ್ಲ, ಬಿಸಿಲು ಇಲ್ಲ. ಎದ್ದಾಗ, ಉಂಡಾಗ, ಮಲಗುವಾಗ ಮೇಲಿದ್ದ ಜೊತೆಗಾರರಿಗೆ ಫೋನ್ ಮಾಡುತ್ತಿದ್ದರು. ಮೇಲಿನವರು ಹೊತ್ತು ಹೇಳುವಂತಿರಲಿಲ್ಲ. ಸೆಕೆಂಡಿಗೆ ಒಂದರಂತೆ 120ರವರೆಗೆ ಎಣಿಸಿ ಅಂದರೆ ಸಿಫ್ರ್ ಐದು ನಿಮಿಷ ತೆಗೆದುಕೊಳ್ಳುತ್ತಿದ್ದರು. ಅಂದರೆ ಕಾಲದ ಅಂದಾಜು ಅಷ್ಟು ಕೈಕೊಟ್ಟಿತ್ತು. ಸೆಪ್ಟೆಂಬರ್ 14ರಂದು ಹೊರಗೆ ಕರೆದಾಗ, ಇನ್ನೂ ಆಗಸ್ಟ್ 20 ಅಂತ ಅವರು ನಂಬಿದ್ದರು. ಆದರೆ ಮೇಲಿನವರು ಬರೆದಿಟ್ಟ ಲೆಕ್ಕ ಬೇರೆಯೇ ಹೇಳಿತು. ಅವರು ಮಲಗಿ ಏಳುತ್ತಿದ್ದ ಸುತ್ತು ಸರಾಸರಿ 24 ಗಂಟೆ 30 ನಿಮಿಷದ ಹತ್ತಿರ ಇತ್ತು. ತಲೆಗೆ ದಿನದ ಲೆಕ್ಕ ತಪ್ಪಿತ್ತು, ದೇಹಕ್ಕೆ ತಪ್ಪಿರಲಿಲ್ಲ.

ಈ ಗಡಿಯಾರ ಇರುವ ಜಾಗವೂ ಗೊತ್ತಿದೆ. ಎರಡೂ ಕಣ್ಣುಗಳಿಂದ ಹೊರಟ ನರಗಳು ಮಿದುಳಿನ ತಳದಲ್ಲಿ ಒಂದನ್ನೊಂದು ದಾಟುತ್ತವೆ. ಅದರ ಸ್ವಲ್ಪ ಮೇಲೆ ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪಿದೆ. ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್ ಅಂತ ಅದರ ಹೆಸರು. ಹೆಸರು ಮರೆತರೂ ಪರವಾಗಿಲ್ಲ, ಜಾಗ ನೆನಪಿಡಿ. ಕಣ್ಣಿನ ನರಗಳ ಮೇಲೆಯೇ ಅದು ಕೂತಿರುವುದಕ್ಕೆ ಕಾರಣ ಇದೆ. ಮುಂದೆ ಹೇಳುತ್ತೇನೆ.

ಆ ಕೋಶಗಳ ಒಳಗೆ ನಡೆಯುವ ಕೆಲಸ ಕೇಳಿದರೆ ಖುಷಿಯಾಗುತ್ತದೆ. ಕೆಲವು ಜೀನ್‌ಗಳು ಒಂದು ಬಗೆಯ ಪ್ರೋಟೀನ್ ತಯಾರಿಸುತ್ತವೆ. ಆ ಪ್ರೋಟೀನ್ ಜಾಸ್ತಿಯಾಗುತ್ತಾ ಹೋಗಿ, ತನ್ನನ್ನು ತಯಾರಿಸುತ್ತಿರುವ ಜೀನ್‌ಗಳ ಕೆಲಸವನ್ನೇ ನಿಲ್ಲಿಸುತ್ತದೆ. ಆಮೇಲೆ ನಿಧಾನವಾಗಿ ಕರಗುತ್ತದೆ. ಕರಗಿದ ಮೇಲೆ ತಡೆ ಹೋಗಿ ಮತ್ತೆ ತಯಾರಿ ಶುರು. ಹೀಗೆ ಒಂದು ಸುತ್ತು ಮುಗಿಯಲು ಹೆಚ್ಚುಕಡಿಮೆ ಒಂದು ದಿನ ಬೇಕು. ಇದರ ಮೊದಲ ಜೀನ್ ಅನ್ನು 1971ರಲ್ಲಿ ಸೀಮೋರ್ ಬೆಂಜರ್ ಮತ್ತು ರೊನಾಲ್ಡ್ ಕೊನೊಪ್ಕಾ ಹಣ್ಣಿನ ನೊಣಗಳಲ್ಲಿ ಪತ್ತೆಹಚ್ಚಿದರು. ಒಳಗಿನ ಕೆಲಸವನ್ನು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕಲ್ ರಾಸ್‌ಬ್ಯಾಶ್, ಮೈಕಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ಅಂದರೆ ಹೊತ್ತು ನೋಡಿಕೊಳ್ಳುವುದು ಜೀವಕೋಶದ ಮಟ್ಟದಲ್ಲೇ ಬೇರೂರಿದ ಗುಣ. ಮನಸ್ಸು ಗಟ್ಟಿ ಮಾಡಿಕೊಂಡ ಮಾತ್ರಕ್ಕೆ ಅದು ಬಗ್ಗುವುದಿಲ್ಲ.

ಆದರೆ ಅದಕ್ಕೊಂದು ಸಣ್ಣ ಕೊರತೆ ಇದೆ. ನಮ್ಮ ಗಡಿಯಾರದ ಒಂದು ಸುತ್ತು ಸರಾಸರಿ 24 ಗಂಟೆಗಿಂತ ಹತ್ತು ನಿಮಿಷದಷ್ಟು ಜಾಸ್ತಿ. ಹಾಗೇ ಬಿಟ್ಟರೆ ದಿನದಿನವೂ ಸ್ವಲ್ಪ ಸ್ವಲ್ಪ ತಡವಾಗುತ್ತಾ ಹೋಗುತ್ತದೆ. ಬೆಳಕು ಒಂಚೂರೂ ಕಾಣದ ಕೆಲವು ಅಂಧರಲ್ಲಿ ಹೀಗೇ ಆಗುತ್ತದೆ. ಕೆಲವು ವಾರ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ, ಮುಂದಿನ ಕೆಲವು ವಾರ ಹಗಲಲ್ಲಿ ತೂಕಡಿಕೆ, ರಾತ್ರಿ ಎಚ್ಚರ. ಮತ್ತೆ ಸರಿಹೋಗುತ್ತದೆ, ಮತ್ತೆ ತಪ್ಪುತ್ತದೆ. ಕಣ್ಣಿಗೆ ಬೆಳಕು ಕಾಣುವವರಲ್ಲಿ ದಿನಾ ಈ ಗಡಿಯಾರವನ್ನು ತಿದ್ದುವುದು ಬೆಳಕೇ. ಅದಕ್ಕೇ ಅದು ಕಣ್ಣಿನ ನರಗಳಿಗೆ ಅಂಟಿಕೊಂಡಂತಿದೆ. ಕಣ್ಣಿನ ಹಿಂಭಾಗದಲ್ಲಿ, ನೋಡುವುದಕ್ಕಿಂತ ಹೆಚ್ಚಾಗಿ ಬೆಳಕು ಎಷ್ಟಿದೆ ಅಂತ ಅಳೆಯುವ ಕೋಶಗಳು ಇರುವುದು 2002ರಲ್ಲಿ ಖಚಿತವಾಯಿತು. ನೀಲಿ ಬೆಳಕಿಗೆ ಅವು ಜಾಸ್ತಿ ಸ್ಪಂದಿಸುತ್ತವೆ. ಬೆಳಗಿನ ಬೆಳಕು ಬಿದ್ದರೆ ಗಡಿಯಾರ ಮುಂಚೆ ಸರಿಯುತ್ತದೆ, ರಾತ್ರಿಯ ಬೆಳಕು ಬಿದ್ದರೆ ತಡವಾಗುತ್ತದೆ. ಬೆಳಕು ಒಂದೇ. ಬೀಳುವ ಹೊತ್ತಿನ ಮೇಲೆ ಅದರ ಕೆಲಸ ತಿರುವುಮುರುವು.

ಈಗ ಮನಸ್ಸಿಗೆ ಬರೋಣ.

ಮೂಡ್ ಕೆಡುವುದು ನಿದ್ದೆ ಕಡಿಮೆಯಾದ್ದಕ್ಕಾ, ಇಲ್ಲ ಹೊತ್ತು ತಪ್ಪಿದ್ದಕ್ಕಾ? ಇವೆರಡನ್ನೂ ಬಿಡಿಸಿ ನೋಡುವುದು ಕಷ್ಟ. ರಾತ್ರಿ ಎದ್ದಿದ್ದವರಿಗೆ ಎರಡೂ ಒಟ್ಟಿಗೇ ಆಗಿರುತ್ತದೆ, ಅಲ್ವಾ? ಇದಕ್ಕೆ ಸಂಶೋಧಕರು ಒಂದು ಉಪಾಯ ಕಂಡುಕೊಂಡರು. ಕಿಟಕಿ ಇಲ್ಲದ, ಮಂದ ಬೆಳಕಿನ ಕೋಣೆಗಳಲ್ಲಿ ಆರೋಗ್ಯವಂತ ಯುವಕ ಯುವತಿಯರನ್ನು ಇರಿಸಿ, ಅವರಿಗೆ 28 ಅಥವಾ 30 ಗಂಟೆಯ 'ದಿನ' ಕೊಡುವುದು. ಅಷ್ಟು ಉದ್ದದ ದಿನಕ್ಕೆ ದೇಹದ ಗಡಿಯಾರ ಹೊಂದಿಕೊಳ್ಳುವುದಿಲ್ಲ. ಅದು ತನ್ನ ಪಾಡಿಗೆ 24 ಗಂಟೆಯ ಹತ್ತಿರವೇ ತಿರುಗುತ್ತದೆ. ಹೀಗಾಗಿ ಅವರು ದೇಹದ ರಾತ್ರಿಯಲ್ಲಿ ಒಮ್ಮೆ, ದೇಹದ ಹಗಲಲ್ಲಿ ಒಮ್ಮೆ, ಎಲ್ಲ ಹೊತ್ತಲ್ಲೂ ಏಳಬೇಕಾಗುತ್ತದೆ, ಮಲಗಬೇಕಾಗುತ್ತದೆ. ಮತ್ತೆ ಮತ್ತೆ 'ಈಗ ಮನಸ್ಸು ಹೇಗಿದೆ' ಅಂತ ಅಳೆಯುತ್ತಾರೆ.

ಡಯೇನ್ ಬೊವಾವಾನ್, ಚಾರ್ಲ್ಸ್ ಸೈಸ್ಲರ್ ಮತ್ತು ಜೊತೆಗಾರರು 1997ರಲ್ಲಿ ಪ್ರಕಟಿಸಿದ ಫಲಿತಾಂಶ ನನಗೆ ಈ ಇಡೀ ವಿಷಯದ ಬುನಾದಿಯಂತೆ ಕಾಣುತ್ತದೆ. ಮನಸ್ಸು ಹೇಗಿದೆ ಅನ್ನುವುದು ಎರಡರ ಮೇಲೂ ನಿಂತಿತ್ತು. ಎದ್ದು ಎಷ್ಟು ಹೊತ್ತಾಯಿತು, ದೇಹದ ಗಡಿಯಾರದಲ್ಲಿ ಈಗ ಗಂಟೆ ಎಷ್ಟು. ಒಂದರ ಪರಿಣಾಮ ಇನ್ನೊಂದನ್ನು ಅವಲಂಬಿಸಿತ್ತು. ಇವರು ಖಿನ್ನತೆ ಇದ್ದವರಲ್ಲ, ಗಟ್ಟಿಮುಟ್ಟಾದ ಹರೆಯದವರು. ಅವರ ಬದುಕಿನಲ್ಲಿ ಆ ದಿನಗಳಲ್ಲಿ ಕೆಟ್ಟದ್ದೇನೂ ನಡೆದಿರಲಿಲ್ಲ. ನಿದ್ದೆಯ ಹೊತ್ತು ಸರಿದಾಡಿದ್ದಕ್ಕೇ ಮನಸ್ಸು ಏರುಪೇರಾಯಿತು.

ನಡುರಾತ್ರಿ ಮೂರೂವರೆ, ನಾಲ್ಕಕ್ಕೆ ಎಚ್ಚರವಾಗುತ್ತದಲ್ಲ, ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಆ ಹೊತ್ತಿಗೆ ದೇಹದ ಉಷ್ಣತೆ ದಿನದಲ್ಲೇ ತೀರಾ ಕೆಳಗಿರುತ್ತದೆ. ಕತ್ತಲಿನ ಹಾರ್ಮೋನ್ ಮೆಲಟೋನಿನ್ ಇನ್ನೂ ರಕ್ತದಲ್ಲಿದೆ. ನಮ್ಮನ್ನು ದಿನಕ್ಕೆ ಸಜ್ಜು ಮಾಡುವ ಕಾರ್ಟಿಸಾಲ್ ಇನ್ನೂ ಪೂರ್ತಿ ಏರಿಲ್ಲ. ಕಣ್ಣು ಬಿಟ್ಟ ತಕ್ಷಣ ಎಂದೋ ಆಡಿದ ಒಂದು ಮಾತು ನೆನಪಿಗೆ ಬರುತ್ತದೆ. ಅವರು ಅದನ್ನು ಹೇಗೆ ತಗೊಂಡರೋ ಅಂತ ಶುರುವಾಗುತ್ತದೆ. ಅಲ್ಲಿಂದ ಸಾಲ, ಕೆಲಸ, ಅಪ್ಪ ಅಮ್ಮನ ಆರೋಗ್ಯ. ಒಂದಕ್ಕೂ ದಾರಿ ಕಾಣುವುದಿಲ್ಲ. ಎಲ್ಲವೂ ಮುಗಿದೇ ಹೋಯಿತು ಅನಿಸುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಅದೇ ಸಾಲ, ಅದೇ ಕೆಲಸ, ಆದರೆ ಒಂದು ಫೋನ್ ಮಾಡಿ ವಿಚಾರಿಸೋಣ ಅನಿಸುತ್ತದೆ. ನಡುವೆ ಬದಲಾಗಿದ್ದು ಸಮಸ್ಯೆ ಅಲ್ಲ. ಅದನ್ನು ನೋಡುತ್ತಿದ್ದ ಮಿದುಳಿನ ಹೊತ್ತು ಬದಲಾಯಿತು.

ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಇಷ್ಟು. ಆ ಹೊತ್ತಿನಲ್ಲಿ ನಿಮ್ಮ ಬದುಕಿನ ಬಗ್ಗೆ ಯಾವ ತೀರ್ಮಾನಕ್ಕೂ ಬರಬೇಡಿ. ರಾಜೀನಾಮೆ ಪತ್ರ ಬರೆಯಬೇಡಿ, ಜಗಳದ ಮೆಸೇಜ್ ಕಳಿಸಬೇಡಿ. ಬದುಕೇ ಬೇಡ ಅನ್ನುವ ಯೋಚನೆ ಬಂದರೆ ಒಬ್ಬರೇ ಬೆಳಗಿನ ದಾರಿ ಕಾಯುತ್ತಾ ಕೂರಬೇಡಿ. ಪಕ್ಕದ ಕೋಣೆಯಲ್ಲಿರುವವರನ್ನು ಎಬ್ಬಿಸಿ, ಸ್ನೇಹಿತರಿಗೆ ಫೋನ್ ಮಾಡಿ, ಸಹಾಯವಾಣಿಗೆ ಕರೆ ಮಾಡಿ. ನಿದ್ದೆ ಕೆಡಿಸಿದೆ ಅಂತ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನಿದ್ದೆಗೆಟ್ಟ ಮಿದುಳಿನಲ್ಲಿ ಆಗುವುದನ್ನು ಸ್ಕ್ಯಾನ್‌ನಲ್ಲೂ ನೋಡಿದ್ದಾರೆ. 2007ರ ಒಂದು ಅಧ್ಯಯನದಲ್ಲಿ ಸುಮಾರು 35 ಗಂಟೆ ನಿದ್ದೆ ಇಲ್ಲದವರಿಗೆ ಮನಸ್ಸು ಕಲಕುವ ಚಿತ್ರಗಳನ್ನು ತೋರಿಸಿದರು. ಭಯ, ಸಿಟ್ಟಿಗೆ ಸಂಬಂಧಪಟ್ಟ ಅಮಿಗ್ಡಲಾ ಎಂಬ ಭಾಗ, ಮಲಗಿ ಎದ್ದವರಿಗಿಂತ ಶೇಕಡ 60ರಷ್ಟು ಜಾಸ್ತಿ ಕೆರಳಿತು. ಅದನ್ನು ಹದ್ದುಬಸ್ತಿನಲ್ಲಿಡುವ ಹಣೆಯ ಹಿಂದಿನ ಭಾಗದ ಜೊತೆ ಅದರ ನಂಟು ಸಡಿಲವಾಗಿತ್ತು. ಮಾರನೇ ದಿನ ಎಲ್ಲರ ಮೇಲೂ ರೇಗುವುದು ಇಲ್ಲಿಂದಲೇ.

ನೈಟ್ ಶಿಫ್ಟ್ ಮಾಡುವವರಿಗೆ ಈ ಒದ್ದಾಟ ಅಪರೂಪದ್ದಲ್ಲ, ದಿನನಿತ್ಯದ್ದು. ಬೆಳಿಗ್ಗೆ ಕೆಲಸ ಮುಗಿಸಿ ಹೊರಬಂದರೆ ಎದುರಿಗೆ ಬಿಸಿಲು. ಗಡಿಯಾರಕ್ಕೆ ಅದೇ 'ಹಗಲಾಯಿತು ಏಳು' ಅನ್ನುವ ಸೂಚನೆ. ಹೋಗಿ ಮಲಗಿದರೆ ನಾಲ್ಕೈದು ಗಂಟೆಗೇ ಎಚ್ಚರ. ರಜೆ ದಿನ ಮನೆಯವರ ಜೊತೆ ಇರಬೇಕು ಅಂತ ಹಗಲಿಗೆ ಮರಳುತ್ತಾರೆ. ಮತ್ತೆ ಕೆಲಸಕ್ಕೆ ಹೋದಾಗ ಮತ್ತೆ ರಾತ್ರಿ. ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಸರಿಯಬಲ್ಲದು. ಎಂಟು ಹತ್ತು ಗಂಟೆಯ ಅಂತರವನ್ನು ಎರಡು ದಿನದಲ್ಲಿ ದಾಟಲು ಅದಕ್ಕೆ ಸಾಧ್ಯವೇ ಇಲ್ಲ. ಹೀಗಾಗಿ ಅವರು ರಾತ್ರಿಗೂ ಹೊಂದಿಕೊಳ್ಳುವುದಿಲ್ಲ, ಹಗಲಿಗೂ ಹೊಂದಿಕೊಳ್ಳುವುದಿಲ್ಲ. ಇಂಥವರಿಗೆ 'ಅಭ್ಯಾಸ ಆಗುತ್ತೆ ಬಿಡು' ಅಂತ ಹೇಳುವುದನ್ನು ದಯವಿಟ್ಟು ನಿಲ್ಲಿಸೋಣ. ಹೆಚ್ಚಿನವರಿಗೆ ಅದು ಪೂರ್ತಿ ಅಭ್ಯಾಸ ಆಗುವುದಿಲ್ಲ.

ಇಲ್ಲಿ ಊಟದ ಮಾತೂ ಬರುತ್ತದೆ. ಲಿವರ್‌ನಲ್ಲಿ, ಹೊಟ್ಟೆಯಲ್ಲಿ, ಸ್ನಾಯುಗಳಲ್ಲಿ ಕೂಡ ಗಡಿಯಾರಗಳಿವೆ. ಮಿದುಳಿನದನ್ನು ಬೆಳಕು ತಿದ್ದಿದರೆ ಇವನ್ನು ಊಟದ ಹೊತ್ತೂ ತಿದ್ದುತ್ತದೆ. 2022ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 19 ಜನರಿಗೆ ಲ್ಯಾಬ್‌ನಲ್ಲಿ ನೈಟ್ ಶಿಫ್ಟಿನಂಥ ದಿನಚರಿ ಹಾಕಿಕೊಟ್ಟರು. ಹಗಲೂ ರಾತ್ರಿಯೂ ಊಟ ಮಾಡಿದವರಲ್ಲಿ ಖಿನ್ನತೆಯಂಥ ಮೂಡ್ ಶೇಕಡ 26ರಷ್ಟು, ಆತಂಕದಂಥ ಮೂಡ್ ಶೇಕಡ 16ರಷ್ಟು ಏರಿತು. ಹಗಲು ಹೊತ್ತಿನಲ್ಲಿ ಮಾತ್ರ ಉಂಡವರಲ್ಲಿ ಈ ಏರಿಕೆ ಕಾಣಲಿಲ್ಲ. ಸಣ್ಣ ಪ್ರಯೋಗ, ಒಪ್ಪುತ್ತೇನೆ. ಅದರ ಮೇಲೆ ದೊಡ್ಡ ಮಾತು ಕಟ್ಟಬಾರದು. ಆದರೂ ನೈಟ್ ಶಿಫ್ಟ್ ಬಿಡಲಾಗದವರ ಕೈಯಲ್ಲಿ ಇರುವ ಸಾಧನಗಳೇ ಕಡಿಮೆ. ದೊಡ್ಡ ಊಟವನ್ನು ನಡುರಾತ್ರಿಯಿಂದ ತಪ್ಪಿಸಿ ನೋಡುವುದು ಅವರ ಕೈಲಾಗುವ ಕೆಲಸ.

ನೈಟ್ ಶಿಫ್ಟ್ ಇಲ್ಲದವರೂ ಹಾಯಾಗಿಲ್ಲ. ಒಬ್ಬರ ವಾರವನ್ನು ತೆಗೆದುಕೊಳ್ಳಿ. ಕೆಲಸದ ದಿನ ರಾತ್ರಿ ಹನ್ನೊಂದೂವರೆಗೆ ಮಲಗಿ ಆರೂವರೆಗೆ ಅಲಾರಂ ಇಟ್ಟು ಏಳುತ್ತಾರೆ. ಆ ನಿದ್ದೆಯ ನಟ್ಟನಡುವಿನ ಹೊತ್ತು ಮೂರು ಗಂಟೆ. ರಜೆಯಲ್ಲಿ ಎರಡಕ್ಕೆ ಮಲಗಿ ಹತ್ತಕ್ಕೆ ಏಳುತ್ತಾರೆ. ನಡುವಿನ ಹೊತ್ತು ಆರು ಗಂಟೆ. ಅಂತರ ಮೂರು ಗಂಟೆ. ರಜೆ ಮುಗಿದು ಮತ್ತೆ ಆರೂವರೆಗೆ ಏಳುವಾಗ, ವಿಮಾನ ಹತ್ತದೆಯೇ ಪ್ರತಿ ವಾರ ಮೂರು ಟೈಮ್ ಝೋನ್ ಪೂರ್ವಕ್ಕೆ ಹಾರಿದಷ್ಟೇ ಆಯಿತು. ಜರ್ಮನಿಯ ಟಿಲ್ ರೋನೆಬೆರ್ಗ್ ಮತ್ತು ಜೊತೆಗಾರರು 2006ರಲ್ಲಿ ಇದಕ್ಕೆ ಸೋಷಿಯಲ್ ಜೆಟ್ ಲ್ಯಾಗ್ ಅಂತ ಹೆಸರಿಟ್ಟರು. ಪೂರ್ವಕ್ಕೆ ಹಾರುವುದೇ ಹೆಚ್ಚು ಕಷ್ಟ. ನಮ್ಮ ಗಡಿಯಾರಕ್ಕೆ ಮೊದಲೇ ತಡವಾಗುವ ಚಾಳಿ, ಮುಂಚೆ ಸರಿಯುವುದು ಅದಕ್ಕೆ ಒಗ್ಗುವುದಿಲ್ಲ. ಸೋಮವಾರ ಬೆಳಗ್ಗಿನ ಕಿರಿಕಿರಿಯಲ್ಲಿ ಇದರ ಪಾಲೂ ಇದೆ.

ಹರೆಯದ ಮಕ್ಕಳ ವಿಷಯದಲ್ಲಿ ನನಗೆ ನಿಜವಾಗಿ ಸಂಕಟ ಆಗುತ್ತದೆ. ಹನ್ನೆರಡು ಹದಿಮೂರರ ಹೊತ್ತಿಗೆ ದೇಹದ ಗಡಿಯಾರ ತಡವಾಗತೊಡಗುತ್ತದೆ. ಇಪ್ಪತ್ತರ ಆಸುಪಾಸಿನಲ್ಲಿ ಅದು ಅತಿ ತಡದಲ್ಲಿರುತ್ತದೆ, ಆಮೇಲೆ ನಿಧಾನವಾಗಿ ಹಿಂದಿರುಗುತ್ತದೆ. ಮೊಬೈಲ್ ಅದನ್ನು ಇನ್ನಷ್ಟು ಹದಗೆಡಿಸುತ್ತದೆ, ನಿಜ. ಆದರೆ ಮೊಬೈಲ್ ಕಿತ್ತುಕೊಂಡರೂ ಹದಿನೇಳರ ಹುಡುಗನಿಗೆ ಒಂಬತ್ತಕ್ಕೆ ನಿದ್ದೆ ಬರುವುದಿಲ್ಲ. ಅವನನ್ನು ಐದಕ್ಕೆ ಎಬ್ಬಿಸುವುದು ಅಂದರೆ ಅವನ ದೇಹದ ನಟ್ಟಿರುಳಲ್ಲಿ ಎಬ್ಬಿಸಿದಂತೆ. ಆಮೇಲೆ ಅವನು ಮಾತಾಡುವುದಿಲ್ಲ, ಮುಖ ಕೊಟ್ಟು ನೋಡುವುದಿಲ್ಲ ಅಂತ ದೂರುತ್ತೇವೆ. ಹೈಸ್ಕೂಲು ವಯಸ್ಸಿನವರಿಗೆ ಶಾಲೆ ಬೆಳಿಗ್ಗೆ ಎಂಟೂವರೆಗಿಂತ ಮುಂಚೆ ಶುರುವಾಗಬಾರದು ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲೇ ಹೇಳಿತು. ಇದು ಮಕ್ಕಳನ್ನು ಮುದ್ದು ಮಾಡುವ ಮಾತಲ್ಲ, ಅವರ ಮನಸ್ಸಿನ ಆರೋಗ್ಯದ ಮಾತು.

ಹಾಗಾದರೆ ಹೊತ್ತು ತಪ್ಪಿದ್ದರಿಂದ ಖಿನ್ನತೆ ಬರುತ್ತದಾ, ಇಲ್ಲ ಖಿನ್ನತೆ ಬಂದಿದ್ದರಿಂದ ಹೊತ್ತು ತಪ್ಪುತ್ತದಾ? ಎರಡೂ ದಿಕ್ಕಿನಲ್ಲಿ ನಡೆಯುತ್ತದೆ. ಖಿನ್ನತೆ ಇದ್ದವರಿಗೆ ನಿದ್ದೆ ಕೆಡುವುದು ಗೊತ್ತಿರುವುದೇ. ಇನ್ನೊಂದು ದಿಕ್ಕಿನ ಬಗ್ಗೆ 2021ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಬೇಗ ಮಲಗಿ ಬೇಗ ಏಳುವ ಒಲವು ಸ್ವಲ್ಪ ಮಟ್ಟಿಗೆ ಜೀನ್‌ಗಳಿಂದ ಬರುತ್ತದೆ. ಸುಮಾರು 8,40,000 ಜನರ ಜೀನ್ ಮಾಹಿತಿ ಹಿಡಿದು ನೋಡಿದಾಗ, ನಿದ್ದೆಯ ನಡುವಿನ ಹೊತ್ತು ಒಂದು ಗಂಟೆ ಮುಂಚೆ ಇದ್ದವರಲ್ಲಿ ತೀವ್ರ ಖಿನ್ನತೆಯ ಅಪಾಯ ಶೇಕಡ 23ರಷ್ಟು ಕಡಿಮೆ ಇತ್ತು. ಜೀನ್‌ಗಳು ಹುಟ್ಟಿನಿಂದಲೇ ಬರುವುದರಿಂದ, ಇಲ್ಲಿ ನಿದ್ದೆಯ ಹೊತ್ತೇ ಒಂದು ಕಾರಣ ಅನ್ನುವ ಮಾತಿಗೆ ಬಲ ಬರುತ್ತದೆ. ಆದರೂ ತಡವಾಗಿ ಮಲಗುವವರೆಲ್ಲ ಹೆದರಬೇಕು ಅಂತ ನಾನು ಇದನ್ನು ಓದುವುದಿಲ್ಲ. ನಮ್ಮ ಶಾಲೆ, ಕಚೇರಿಗಳೆಲ್ಲ ಬೇಗ ಏಳುವವರಿಗೆ ಹೊಂದುವ ಹಾಗಿವೆ. ತಡವಾಗಿ ಮಲಗುವವರು ದಿನಾ ಪ್ರವಾಹದ ಎದುರು ಈಜುತ್ತಿದ್ದಾರೆ. ದಣಿವಿನ ಒಂದು ಪಾಲು ಅದರದ್ದೇ ಇರಬಹುದು.

ಮಾಡುವುದೇನು? ನಾನು ಮೊದಲ ಸ್ಥಾನ ಕೊಡುವುದು ಬೆಳಗಿನ ಬೆಳಕಿಗೆ. ಮನೆಯೊಳಗೆ ನಮಗೆ ಬೆಳಕು ಧಾರಾಳವಾಗಿದೆ ಅನಿಸುತ್ತದೆ. ಬೆಳಕನ್ನು ಅಳೆಯುವ ಮಾನ ಲಕ್ಸ್. ಅಳೆದು ನೋಡಿದರೆ ಸಾಮಾನ್ಯವಾಗಿ 100ರಿಂದ 500 ಲಕ್ಸ್. ಹೊರಗೆ ಮೋಡ ಕವಿದ ಹಗಲಲ್ಲೂ ಅದು ಹಲವು ಸಾವಿರ ಲಕ್ಸ್ ದಾಟುತ್ತದೆ. ಬಿರುಬಿಸಿಲಲ್ಲಿ 1,00,000ದ ಹತ್ತಿರ ಹೋಗುತ್ತದೆ. ಕಣ್ಣು ಹೊಂದಿಕೊಂಡುಬಿಡುವುದರಿಂದ ಈ ಅಂತರ ನಮಗೆ ಗೊತ್ತಾಗುವುದಿಲ್ಲ, ಗಡಿಯಾರಕ್ಕೆ ಗೊತ್ತಾಗುತ್ತದೆ. 2013ರಲ್ಲಿ ಕೆನೆತ್ ರೈಟ್ ಅವರ ತಂಡ ಎಂಟು ಜನರನ್ನು ಒಂದು ವಾರ ಬೆಟ್ಟದಲ್ಲಿ ಟೆಂಟ್ ಹಾಕಿಸಿ ಇರಿಸಿತು. ಬಿಸಿಲು ಮತ್ತು ಬೆಂಕಿಯ ಬೆಳಕು ಬಿಟ್ಟು ಬೇರೆ ಬೆಳಕಿಲ್ಲ. ಒಂದೇ ವಾರಕ್ಕೆ ಅವರ ಗಡಿಯಾರ ಸುಮಾರು ಎರಡು ಗಂಟೆ ಮುಂಚೆ ಸರಿದಿತ್ತು. ಯಾರೂ ಅವರಿಗೆ ಬೇಗ ಮಲಗಿ ಅಂತ ಬೋಧನೆ ಮಾಡಿರಲಿಲ್ಲ. ನಮಗೆ ಟೆಂಟ್ ಬೇಕಿಲ್ಲ. ಎದ್ದ ಒಂದು ಗಂಟೆಯೊಳಗೆ ಅರ್ಧ ತಾಸು ಹೊರಗೆ ನಡೆದರೂ ಸಾಕಷ್ಟು ಆಯಿತು. ರಾತ್ರಿ ಮಲಗುವ ಎರಡು ಗಂಟೆ ಮುಂಚಿನಿಂದ ತಲೆಯ ಮೇಲಿನ ದೊಡ್ಡ ಲೈಟುಗಳನ್ನು ಆರಿಸಿ ಸಣ್ಣದೊಂದನ್ನು ಉಳಿಸಿಕೊಳ್ಳಿ.

ಮಲಗುವ ಹೊತ್ತಿಗಿಂತ ಏಳುವ ಹೊತ್ತನ್ನು ಗಟ್ಟಿಯಾಗಿ ಹಿಡಿಯಿರಿ. ನಿದ್ದೆಗೆ ಬೇಕೆಂದಾಗ ಬಾ ಅನ್ನಲು ಆಗುವುದಿಲ್ಲ, ಏಳುವುದು ನಮ್ಮ ಕೈಯಲ್ಲಿದೆ. ರಜೆಯಲ್ಲೂ ಒಂದು ಗಂಟೆಗಿಂತ ಜಾಸ್ತಿ ಹೆಚ್ಚುಕಡಿಮೆ ಆಗದಿರಲಿ. ಈಗ ಎರಡಕ್ಕೆ ಮಲಗುತ್ತಿದ್ದರೆ ನಾಳೆಯಿಂದಲೇ ಹತ್ತಕ್ಕೆ ಮಲಗುವ ಹಟ ಬೇಡ. ಎರಡು ಮೂರು ದಿನಕ್ಕೊಮ್ಮೆ ಹದಿನೈದು ಇಪ್ಪತ್ತು ನಿಮಿಷ ಹಿಂದಕ್ಕೆ ತನ್ನಿ.

ಶಿಫ್ಟ್ ಹಾಕುವವರು ಇಲ್ಲಿದ್ದರೆ ಅವರಿಗೆ ಒಂದು ಕೋರಿಕೆ. ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಅಂತ ತಡವಾಗುವ ದಿಕ್ಕಿನಲ್ಲಿ ಪಾಳಿ ತಿರುಗಿಸಿ. ಉಲ್ಟಾ ತಿರುಗಿಸಿದರೆ ದೇಹಕ್ಕೆ ಜಾಸ್ತಿ ಕಷ್ಟ. ರಾತ್ರಿ ಪಾಳಿ ಮುಗಿಸಿದವರನ್ನು ಅದೇ ಬೆಳಿಗ್ಗೆ ಮೀಟಿಂಗ್‌ಗೆ ಕರೆಯಬೇಡಿ.

ಮನಸ್ಸು ಒಮ್ಮೆ ವಿಪರೀತ ಏರಿ, ಒಮ್ಮೆ ಕುಸಿಯುವ ಬೈಪೋಲಾರ್ ಕಾಯಿಲೆ ಇರುವವರು, ಅವರ ಮನೆಯವರು ಒಂದು ವಿಷಯದಲ್ಲಿ ಹುಷಾರಾಗಿರಬೇಕು. ಒಂದು ರಾತ್ರಿ ನಿದ್ದೆ ತಪ್ಪಿದರೂ ಕೆಲವರಲ್ಲಿ ಮನಸ್ಸು ವಿಪರೀತ ಏರುವ ಹಂತ ಶುರುವಾಗಬಹುದು. ಮದುವೆ ಮನೆಯ ಜಾಗರಣೆ, ದೂರದ ವಿಮಾನ ಪ್ರಯಾಣ, ಪರೀಕ್ಷೆಯ ಓದು ಇಂಥ ಸಂದರ್ಭಗಳಿಗೆ ಮೊದಲೇ ಡಾಕ್ಟರ ಜೊತೆ ಮಾತಾಡಿಕೊಳ್ಳಿ. ಪ್ರಖರ ಬೆಳಕಿನ ಚಿಕಿತ್ಸೆಯನ್ನೂ ಇವರು ತಾವಾಗಿಯೇ ಶುರು ಮಾಡಬಾರದು. ಮೆಲಟೋನಿನ್ ಮಾತ್ರೆಯ ಬಗ್ಗೆ ಎಲ್ಲರಿಗೂ ಅದೇ ಮಾತು. ಎಷ್ಟು ಅನ್ನುವುದರ ಜೊತೆಗೆ ಯಾವ ಹೊತ್ತಿಗೆ ಅನ್ನುವುದೂ ಮುಖ್ಯ. ತಪ್ಪು ಹೊತ್ತಿಗೆ ತೆಗೆದುಕೊಂಡರೆ ಗಡಿಯಾರ ತಪ್ಪು ದಿಕ್ಕಿಗೆ ಸರಿಯುತ್ತದೆ.

ಇನ್ನು ಖಿನ್ನತೆಯಲ್ಲಿ ಇರುವವರಿಗೆ 'ಬೇಗ ಎದ್ದು ವಾಕಿಂಗ್ ಹೋಗು, ಎಲ್ಲ ಸರಿಹೋಗುತ್ತೆ' ಅಂತ ಯಾರೂ ಹೇಳಬೇಡಿ. ಕೆಲವು ಬಗೆಯ ಖಿನ್ನತೆಯಲ್ಲಿ ಬೆಳಗಿನ ಹೊತ್ತೇ ಅತಿ ಭಾರವಾದದ್ದು, ಸಂಜೆಗೆ ಸ್ವಲ್ಪ ಹಗುರ. ಬೆಳಿಗ್ಗೆ ಏಳಲಾಗದಿರುವುದು ಅಲ್ಲಿ ಕಾಯಿಲೆಯದೇ ಲಕ್ಷಣ. ಅವರಿಗೆ ಚಿಕಿತ್ಸೆ ಬೇಕು. ನಿದ್ದೆಯ ಹೊತ್ತು ಸರಿಮಾಡುವುದು ಆ ಚಿಕಿತ್ಸೆಯ ಜೊತೆಗೆ ನಡೆಯಬೇಕಾದ ಕೆಲಸ, ಅದರ ಬದಲಿಗೆ ಅಲ್ಲ.

ಡಾಕ್ಟರ ಬಳಿ ಹೋಗುವ ಮುಂಚೆ ಎರಡು ವಾರ ಒಂದು ಹಾಳೆಯಲ್ಲಿ ಬರೆದಿಡಿ. ದೀಪ ಆರಿಸಿದ ಹೊತ್ತು, ಎದ್ದ ಹೊತ್ತು, ನಡುವೆ ಎಚ್ಚರವಾಗಿದ್ದು, ಕೊನೆಯ ಊಟ, ಹೊರಗಿನ ಬೆಳಕಲ್ಲಿ ಕಳೆದ ಹೊತ್ತು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮನಸ್ಸು ಹೇಗಿತ್ತು ಅಂತ ಹತ್ತಕ್ಕೆ ಒಂದು ಅಂಕ. ರಜೆ ದಿನಗಳನ್ನು ಬಿಡಬೇಡಿ, ಅಲ್ಲೇ ಜಾಸ್ತಿ ಸುಳಿವು ಸಿಗುವುದು. ನಿದ್ದೆ ಎಷ್ಟು ಗಂಟೆ ಅಂತ ಕೇಳಿದಾಗ ಆ ಹಾಳೆಯನ್ನೇ ಅವರ ಮುಂದೆ ಇಡಿ.